ಮೂರು ಬೆರಳಿಗೆ ಎರಡು ಹೆಸರು

ನಗೆಪಾಟಲಿಗೂ ನನಗೂ ಯಾವ ಜನ್ಮದ ನಂಟೋ ಕಾಣೆ. ನಾನು ಮೂಲೆಯಲ್ಲಿ ಕೂತು ಸುಮ್ಮನೆ ಹುಕ್ಕು ಹೊಲಿಯುತ್ತಿದ್ದರೂ ಅದು ವಿಳಾಸ ಕೇಳಿಕೊಂಡು ಅಂಗಡಿಗೇ ಬರುತ್ತದೆ. ಬಂಗಾರಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ಅಲ್ಲಿ ನಡೆದದ್ದನ್ನೆಲ್ಲ ಬರೆದರೆ ಅರ್ಧ ಊರಿನ ಹೆಂಗಸರು ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಕೊಳಲು ಕಲಿಯಲು ಹೋಗಿ ಪಟ್ಟ ಪಾಡನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಇದರಲ್ಲಿ ಹೋದ ಮರ್ಯಾದೆ ಹೆಚ್ಚಾಗಿ ನನ್ನದೇ, ಯಾರೂ ಜಗಳಕ್ಕೆ ಬರುವ ಹಾಗಿಲ್ಲ.

ಒಳಗೆ ಬಿಟ್ಟ ಬಟ್ಟೆ

ಒಂದು ಮಧ್ಯಾಹ್ನ ಎಪ್ಪತ್ತು ದಾಟಿದ ಹೆಂಗಸೊಬ್ಬರು ಅಂಗಡಿಗೆ ಬಂದರು. ಕೆಜಿಎಫ್‌ನವರು, ಸ್ಕೂಲಿನಲ್ಲಿ ಸಂಗೀತ ಹೇಳಿಕೊಟ್ಟು ರಿಟೈರ್ ಆದವರು. ಅಲ್ಲಿ ಎಲ್ಲರೂ ಅವರನ್ನು ಮಿಸ್ ಅನ್ನುತ್ತಾರಂತೆ, ನಾನೂ ಹಾಗೇ ಕರೆದೆ. ಕೈಯಲ್ಲಿದ್ದ ಹಳೇ ದಿಂಬಿನ ಕವರಿನಿಂದ ಒಂದೊಂದಾಗಿ ನಾಲ್ಕು ಕೊಳಲು ತೆಗೆದು ನನ್ನ ಕಟಿಂಗ್ ಟೇಬಲ್ ಮೇಲೆ ಸಾಲಾಗಿ ಮಲಗಿಸಿದರು.

ಅವು ನಮ್ಮ ಅಡ್ಡ ಹಿಡಿಯುವ ಕೊಳಲಲ್ಲ. ಪೀಪಿಯ ಹಾಗೆ ನೇರವಾಗಿ ಬಾಯಿಗಿಟ್ಟು ಊದುವಂಥವು. ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ರೆಕಾರ್ಡರ್ ಅಂತ ಹೆಸರಂತೆ. ಅತಿ ಚಿಕ್ಕದು ಒಂದೂವರೆ ಗೇಣು, ಅತಿ ದೊಡ್ಡದು ನಿಲ್ಲಿಸಿದರೆ ನನ್ನ ಸೊಂಟಕ್ಕೆ ಬರುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ನಾಲ್ಕಕ್ಕೂ ಒಂದೇ ಮುಖ, ಎತ್ತರ ಮಾತ್ರ ಬೇರೆ.

"ಇವಕ್ಕೆ ಒಂದೊಂದು ಚೀಲ ಹೊಲಿದು ಕೊಡಮ್ಮಾ. ಮೆತ್ತಗಿರಲಿ, ಗೀರು ಬೀಳಬಾರದು" ಅಂದರು.

ನಾನು ಟೇಪು ತೆಗೆದು ಅಳತೆ ತೆಗೆದುಕೊಂಡೆ. ಅಭ್ಯಾಸಬಲ ನೋಡಿ, ಚೀಟಿಯಲ್ಲಿ ಎದೆ, ಸೊಂಟ, ಉದ್ದ ಅಂತಲೇ ಬರೆದುಕೊಂಡೆ.

ನಾಲ್ಕು ದಿನ ಬಿಟ್ಟು ಬಂದು ಚೀಲಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೊಲಿಗೆ ಮೆಚ್ಚಿದರು. ಆಮೇಲೆ ಒಂದರ ಒಳಮೈ ಹೊರಗೆ ಮಾಡಿ, "ಇದೇನಮ್ಮಾ, ಎರಡೂ ಕಡೆ ಇಷ್ಟೊಂದು ಬಟ್ಟೆ ಒಳಗೆ ಬಿಟ್ಟಿದ್ದೀಯ?" ಅಂತ ಕೇಳಿದರು.

ಇಪ್ಪತ್ತೆರಡು ವರ್ಷದಿಂದ ಎಲ್ಲರಿಗೂ ಹೇಳುವುದನ್ನೇ ಹೇಳಿದೆ: "ಇರಲಿ ಬಿಡಿ ಮಿಸ್, ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಬಹುದು."

ತೋಳು ತೋಳೇ

ಅವತ್ತು ಮಿಸ್ ನಗುತ್ತಾ ನಗುತ್ತಾ ಕುರ್ಚಿಯಲ್ಲಿ ಕೂತುಬಿಟ್ಟರು. ನೀರು ಕುಡಿಸಿದೆ. ಆಮೇಲೆ ಅವರು ಚಿಕ್ಕ ಕೊಳಲನ್ನು ನನ್ನ ಕೈಗೆ ಕೊಟ್ಟು, "ಊದು ನೋಡೋಣ" ಅಂದರು. ಊದಿದೆ. ಉದ್ದಕ್ಕೆ, ನಡುಗದೆ ಬಂತು. ಹೊಲಿಗೆ ಮಿಷನ್ನಿನ ಬಾಬಿನ್ ಗೂಡಿನ ದೂಳನ್ನು ದಿನಾ ಊದಿ ತೆಗೆಯುವವಳಿಗೆ ಉಸಿರಿಗೇನು ಬರ! "ಭಾನುವಾರ ಬಾ" ಅಂದರು. ಹೋದೆ.

ಭಾನುವಾರ ಮಧ್ಯಾಹ್ನ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ನ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆ. ಗಣಿಯ ಕಾಲದ ಲೈನ್ ಮನೆಗಳ ಕೊನೆಯಲ್ಲಿ ಅಲ್ಲಿನವರ ಸಂಘದ ಮೀಟಿಂಗ್ ಹಾಲು, ಅದರ ಪಕ್ಕ ಒಂದು ರೂಮು. ಆ ರೂಮಿನಲ್ಲಿ ಮಿಸ್ ಕ್ಲಾಸು. ಶಿಷ್ಯರು ಮೂವರೇ: ನಾನು, ಕ್ಯಾಸಂಬಳ್ಳಿ ಕಡೆಯ ಹಾಲಿನ ಡೈರಿ ನೋಡಿಕೊಳ್ಳುವ ಡೈರಿ ಅಣ್ಣ, ಮತ್ತೆ ಗಣಿಯಲ್ಲಿ ಕೆಲಸ ಮಾಡಿ ರಿಟೈರ್ ಆದ ಒಬ್ಬ ತಾತ. ಸ್ಕೂಲಿನ ಕಾಲದ ಕೊಳಲುಗಳು ಮಿಸ್ ಹತ್ತಿರ ಇನ್ನೂ ಒಂದು ಪೆಟ್ಟಿಗೆ ತುಂಬ ಇದ್ದವು, ಅಭ್ಯಾಸಕ್ಕೆ ಎಲ್ಲರಿಗೂ ಸಿಕ್ಕವು. ಮಿಷನ್ನಿಲ್ಲ, ಗಿರಾಕಿಯಿಲ್ಲ, "ಇವತ್ತು ಸಾಯಂಕಾಲಕ್ಕೇ ಬೇಕು ಅಕ್ಕಾ" ಅನ್ನುವವರಿಲ್ಲ. ವಾರದಲ್ಲಿ ನನ್ನದು ಅಂತ ನನಗೆ ಇದ್ದದ್ದು ಆ ಒಂದೇ ಗಂಟೆ. ನಾನದನ್ನು ಎಷ್ಟು ಹಚ್ಚಿಕೊಂಡೆ ಅಂದರೆ ಶನಿವಾರವೇ ಚಪ್ಪಲಿ ಒರೆಸಿಡುತ್ತಿದ್ದೆ.

ಓದುವುದು ಮೊದಮೊದಲು ಸುಲಭ ಅನ್ನಿಸಿತು. ಕಾಗದದ ಮೇಲೆ ಐದು ಗೆರೆ. ಗೆರೆಯ ಮೇಲೊಂದು ಬೊಟ್ಟು, ಗೆರೆಗಳ ನಡುವೆ ಒಂದು ಬೊಟ್ಟು. ಒಂದೊಂದು ಬೊಟ್ಟಿಗೂ ಒಂದು ಹೆಸರು, ಒಂದು ಬೆರಳಿನ ಲೆಕ್ಕ. ಹಿಂದೆ ಹೆಬ್ಬೆರಳು, ಮುಂದೆ ಮೂರು ಬೆರಳು ಇಟ್ಟರೆ ಅದು 'ಜಿ'. ಎರಡು ತಿಂಗಳಲ್ಲಿ ಚಿಕ್ಕ ಕೊಳಲಿನಲ್ಲಿ ಅದೆಲ್ಲ ಬೆರಳಿಗೆ ಹತ್ತಿತು. ನನಗೆ ಸ್ವಲ್ಪ ಜಂಬವೂ ಬಂತು.

ಆಗ ಮಿಸ್ ಅದಕ್ಕಿಂತ ಒಂದು ಸೈಜು ದೊಡ್ಡದಾದ ನಡುವಿನ ಕೊಳಲು ಕೊಟ್ಟರು. ಆಲ್ಟೊ ಅಂತ ಅದರ ಹೆಸರು. "ಇದರಲ್ಲಿ ಅದೇ ಮೂರು ಬೆರಳು ಇಟ್ಟರೆ 'ಜಿ' ಅಲ್ಲ, 'ಸಿ'. ಕಾಗದದ ಮೇಲಿನ ಬೊಟ್ಟು ಅದೇ ಇರುತ್ತೆ, ಬೆರಳು ಬದಲಾಗುತ್ತೆ. ಇದಕ್ಕಿಂತ ದೊಡ್ಡದು ಮತ್ತೆ ಚಿಕ್ಕದರ ಹಾಗೇ. ಅದಕ್ಕೂ ದೊಡ್ಡದು ಇದರ ಹಾಗೆ" ಅಂದರು.

ನನಗೆ ಸಿಟ್ಟೇ ಬಂತು. "ಅದೆಂಗೆ ಮಿಸ್? ಮೂವತ್ತೆರಡರ ಬ್ಲೌಸಾಗ್ಲಿ, ನಲವತ್ತೆರಡರ ಬ್ಲೌಸಾಗ್ಲಿ, ತೋಳು ತೋಳೇ ಅಲ್ವಾ? ಸೈಜು ದೊಡ್ಡದಾಯ್ತು ಅಂತ ತೋಳನ್ನ ಕತ್ತು ಅನ್ನೋದುಂಟಾ?"

ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ನಿಧಾನವಾಗಿ ಒರೆಸಿದರು. "ನಲವತ್ತು ವರ್ಷ ಪಾಠ ಹೇಳಿದ್ದೀನಿ. ಈ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ" ಅಂದರು.

ನಾನು ಬೀಗುತ್ತಾ ಡೈರಿ ಅಣ್ಣನ ಕಡೆ ನೋಡಿದೆ.

"ಯಾಕೆ ಕೇಳಲಿಲ್ಲ ಅಂದ್ರೆ, ಅವೆಲ್ಲ ಏಳು ವರ್ಷದ ಮಕ್ಕಳು. ಹೇಳಿದ್ದು ಅರ್ಥ ಆಗ್ತಿತ್ತು" ಅಂತ ಮಿಸ್ ಕನ್ನಡಕ ಹಾಕಿಕೊಂಡರು.

ಕೆಳಗೆ ಜನ ಇದ್ದಾರೆ

ತಾತನದು ಬೇರೆಯೇ ತೊಂದರೆ. ಅವರು ಗಣಿ ನಡೆಯುವಾಗ ವೈಂಡಿಂಗ್ ಡ್ರೈವರ್. ಅಂದರೆ ಆಳುಗಳನ್ನು ತೊಟ್ಟಿಲಿನಂಥ ಪಂಜರದಲ್ಲಿ ಪಾತಾಳಕ್ಕೆ ಇಳಿಸಿ ಮೇಲಕ್ಕೆ ಎತ್ತುವ ದೊಡ್ಡ ಎಂಜಿನ್ನು ನಡೆಸುತ್ತಿದ್ದವರು. ಕೆಳಗಿನಿಂದ ಬೆಲ್ಲು ಬರುತ್ತದೆ, ಬೆಲ್ಲಿನ ಲೆಕ್ಕದ ಪ್ರಕಾರ ಎತ್ತಬೇಕು, ಇಳಿಸಬೇಕು. ಓಡುತ್ತಿರುವಾಗ ಒಂದೇ ಬೆಲ್ಲು ಬಂದರೆ ನಿಲ್ಲಿಸಲೇಬೇಕು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ತಾತನ ಮೈಯೊಳಗೆ ಆ ಬೆಲ್ಲು ಮುಚ್ಚಿರಲಿಲ್ಲ.

ಮಿಸ್ ತಾಳಕ್ಕೆ ಅಂತ ಮರದ ಸ್ಕೇಲಿನಿಂದ ಮೇಜಿಗೆ ಟಕ್ ಅಂತ ಒಂದು ಹೊಡೆಯುವರು. ತಾತ ತಟ್ಟನೆ ನಿಲ್ಲಿಸುವರು.

"ಯಾಕೆ ನಿಲ್ಲಿಸಿದ್ರಿ?"

"ಬೆಲ್ ಅಡಿಚ್ಚಾಚ್ಚು ಮಿಸ್."

"ಅದು ಬೆಲ್ ಅಲ್ಲ, ತಾಳ. ನೀವು ಊದ್ತಾ ಇರಿ."

"ಸರಿ ಮಿಸ್."

ಮತ್ತೆ ಟಕ್. ತಾತ ಮತ್ತೆ ಕಲ್ಲು. "ನಾನೇನಮ್ಮಾ ಮಾಡ್ಲಿ, ಕೆಳಗೆ ಜನ ಇರ್ತಾರೆ ಅಂತ ಕೈ ತಾನಾಗೇ ನಿಂತೋಗುತ್ತೆ" ಅಂತ ನನ್ನ ಕಡೆ ನೋಡಿ ಗೋಳಾಡಿದರು. ಕೊನೆಗೆ ಮಿಸ್ ಹೊಡೆಯುವುದು ಬಿಟ್ಟು ಸ್ಕೇಲನ್ನು ಗಾಳಿಯಲ್ಲಿ ಆಡಿಸಲು ಶುರುಮಾಡಿದರು. ತಾತ ಸರಿಹೋದರು. ನಾವು ಮೂವರೂ ಮೊದಲ ಸಲ ಒಂದು ಪೂರ್ತಿ ಸಾಲು ಒಟ್ಟಿಗೆ ಊದಿದೆವು.

ಎರಡನೇ ಸಾಲಿನ ನಡುವೆ ತಾತ ಇದ್ದಕ್ಕಿದ್ದ ಹಾಗೆ ಆಮೆಯಂತೆ ನಿಧಾನ ಆದರು. ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವೆ ಒಂದು ಕಾಲರ್ ಹೊಲಿಯಬಹುದಿತ್ತು. ಅವರನ್ನು ಕಾದು ಕಾದು ನಾನೂ ಡೈರಿ ಅಣ್ಣನೂ ಉಸಿರು ಸಾಲದೆ ಕೆಂಪಗಾದೆವು. ಏನಾಯಿತು ಅಂತ ಕೇಳಿದರೆ, ಬೀದಿಯಲ್ಲಿ ಐಸ್ ಮಾರುವವನು ಗಾಡಿಯ ಗಂಟೆಯನ್ನು ಮೂರು ಸಲ ಬಾರಿಸಿದ್ದನಂತೆ.

"ಮೂರು ಬೆಲ್ ಅಂದ್ರೆ ಆಳು ಹತ್ತಿದ್ದಾರೆ ಅಂತ. ಮೆಲ್ಲಗೇ ಇಳಿಸ್ಬೇಕು" ಅಂದರು ತಾತ.

ಯಾರ ಕಡೆ?

ಹೀಗೆ ನಾವು ಸುಖವಾಗಿ ತಪ್ಪು ಮಾಡಿಕೊಂಡಿದ್ದಾಗ ಒಂದು ಭಾನುವಾರ ಸಂಘದ ಅಧ್ಯಕ್ಷರು ಬಾಗಿಲಿಗೆ ಬಂದು ನಿಂತರು. ಹಾಲಿಗೆ ಹೊಸದಾಗಿ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ, ಇಡುವುದಕ್ಕೆ ಜಾಗ ಇಲ್ಲ, ಈ ರೂಮು ಬೇಕು ಅಂದರು.

ಮಿಸ್ ಮುಖ ಚಿಕ್ಕದಾಯಿತು. ಅವರು ಇರುವುದು ಲೈನ್ ಮನೆಯ ಒಂದೂವರೆ ರೂಮಿನಲ್ಲಿ. ಅಲ್ಲಿ ನಾಲ್ಕು ಜನ ಕೂತರೆ ಐದನೆಯದಾಗಿ ಕೊಳಲಿಗೆ ಜಾಗವಿಲ್ಲ. "ಈ ರೂಮು ಹೋದ್ರೆ ನಾನು ಪೆಟ್ಟಿಗೆ ಮುಚ್ಚಿಬಿಡ್ತೀನಿ" ಅಂದರು. ನಿಜ ಹೇಳುತ್ತೇನೆ, ಮದುವೆಯಾದ ಹೊಸದರಲ್ಲಿ ತವರಿಗೆ ಹೋಗಬೇಡ ಅಂದಾಗಲೂ ನನಗೆ ಅಷ್ಟು ಸಂಕಟ ಆಗಿರಲಿಲ್ಲ.

ಅಧ್ಯಕ್ಷರು ಕೆಟ್ಟವರಲ್ಲ. ಸ್ವಲ್ಪ ಯೋಚಿಸಿ ಒಂದು ಮಾತು ಹೇಳಿದರು: "ಮುಂದಿನ ತಿಂಗಳು ಸಂಘದ ವಾರ್ಷಿಕೋತ್ಸವ ಇದೆ. ಕೊನೇಲಿ ನೀವು ಬಾರಿಸಿ. ಜನ ಕೊನೇವರೆಗೂ ಕೂತಿದ್ರೆ ರೂಮು ನಿಮಗೆ. ಅರ್ಧಕ್ಕೆ ಎದ್ರೆ ಕುರ್ಚಿಗೆ."

ಅಷ್ಟು ಹೇಳಿ ಜೇಬಿನಿಂದ ಟೇಪು ತೆಗೆದು ರೂಮಿನ ಅಗಲ ಅಳೆಯತೊಡಗಿದರು. ಟೇಪು ಜೋತುಬಿದ್ದಿತ್ತು, ತುದಿ ಗೋಡೆಗೆ ತಾಗಿರಲಿಲ್ಲ, ಅರ್ಧ ಅಡಿ ಹೆಚ್ಚು ಹೇಳಿದರು. ಅಳತೆ ತಪ್ಪುವುದನ್ನು ಕಣ್ಣಾರೆ ನೋಡಿಕೊಂಡು ಸುಮ್ಮನಿರುವುದು ನನ್ನ ಜನ್ಮದಲ್ಲಿ ಆಗದ ಮಾತು. "ಹಿಂಗಲ್ಲ ಸಾರ್, ಕೊಡಿ ಇಲ್ಲಿ" ಅಂತ ಕಸಿದುಕೊಂಡು ಉದ್ದ, ಅಗಲ, ಬಾಗಿಲು, ಕಿಟಕಿಯ ಕೆಳಗಿನ ಮೂಲೆ ಎಲ್ಲ ಅಳೆದು, ಕುರ್ಚಿಗಳನ್ನು ಹೇಗೆ ಜೋಡಿಸಿದರೆ ಇನ್ನೂ ಹತ್ತು ಹೆಚ್ಚು ಹಿಡಿಯುತ್ತದೆ ಅನ್ನುವುದನ್ನೂ ಬರೆದುಕೊಟ್ಟೆ.

ಅಧ್ಯಕ್ಷರು ಥ್ಯಾಂಕ್ಸ್ ಹೇಳಿ ಹೋದರು. ಮಿಸ್ ನನ್ನ ಕಡೆ ತಿರುಗಿ ಕೇಳಿದರು: "ನೀನು ಯಾರ ಕಡೆಯಮ್ಮಾ?"

ಗೋಡೆಯಾಚೆಯ ಹೆಂಗಸು

ಇನ್ನು ಮೇಲೆ ಮನೆಯಲ್ಲೂ ದಿನಾ ಅಭ್ಯಾಸ ಮಾಡಬೇಕು ಅಂತ ಮಿಸ್ ಕಟ್ಟಪ್ಪಣೆ ಮಾಡಿದರು. ನನ್ನ ಮನೆಯಲ್ಲಿ ಊದಿದೆ. ಕಾಮಸಮುದ್ರದ ಕಡೆಯ ನನ್ನ ಅತ್ತೆ, "ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವು" ಅಂದು ಎದ್ದು ಪಕ್ಕದ ಮನೆಗೆ ಹೋದರು. ಯಜಮಾನರು ಟೀವಿ ಸದ್ದು ಮಾತ್ರ ಹೆಚ್ಚು ಮಾಡಿದರು. ಅದು ಪುಣ್ಯ.

ತಾತನ ಸ್ಥಿತಿ ಅಷ್ಟು ಸುಲಭವಲ್ಲ. ಲೈನ್ ಮನೆಗಳಿಗೆ ಗೋಡೆ ಒಂದೇ. ಈ ಕಡೆಯವರು ಸೀನಿದರೆ ಆ ಕಡೆಯವರು ಮಾತ್ರೆ ಹುಡುಕುತ್ತಾರೆ. ತಾತ ಊದಿದ್ದು ಸಾಲಿನ ಹತ್ತೂ ಮನೆಗೆ ಕೇಳುತ್ತಿತ್ತು. ನಾವು ಬಾರಿಸಬೇಕಾದದ್ದು ಮಿಸ್ ತಾವೇ ಬರೆದ ಒಂದು ನಿಧಾನದ, ಗಂಭೀರವಾದ ರಾಗ. ಅದರ ಮೂರನೇ ಸಾಲಿನಲ್ಲಿ ರಾಗ ಕೆಳಗಿಳಿಯಬೇಕು, ತಾತ ದಿನಾ ತಪ್ಪದೆ ಮೇಲಕ್ಕೆ ಹೋಗುತ್ತಿದ್ದರು. ಜೀವಮಾನವೆಲ್ಲ ಆಳುಗಳನ್ನು ಮೇಲಕ್ಕೆ ಎಳೆದ ಕೈ, ಏನು ಮಾಡುವುದು.

ಕೇಳೀ ಕೇಳೀ ಇಡೀ ಸಾಲಿಗೆ ಅದು ಬಾಯಿಗೆ ಬಂತು. ಪಾತ್ರೆ ತೊಳೆಯುವಾಗ ಹೆಂಗಸರು ಗುನುಗುತ್ತಿದ್ದರು, ಸ್ಕೂಟರ್ ಒರೆಸುವವರು ಶಿಳ್ಳೆ ಹಾಕುತ್ತಿದ್ದರು, ಎಲ್ಲರೂ ತಾತನ ತಪ್ಪಿನ ಸಮೇತ.

ಹದಿನೈದು ದಿನ ಬೆವರು ಸುರಿಸಿ ತಾತ ಕೊನೆಗೆ ಒಂದು ಬೆಳಿಗ್ಗೆ ಆ ಜಾಗದಲ್ಲಿ ಸರಿಯಾಗಿ ಕೆಳಗಿಳಿದರಂತೆ. ಖುಷಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಾರೆ. ಆಚೆ ಕಡೆಯಿಂದ ಧಬಧಬ ಅಂತ ಗೋಡೆ ಗುದ್ದಿದ ಸದ್ದು. ಪಕ್ಕದ ಮನೆಯ ಹೆಂಗಸು ಕೂಗಿದಳಂತೆ: "ತಾತಾ, ರಾಗ ತಪ್ಪೋಯ್ತು! ಇನ್ನೊಂದು ಸಲ ಊದಿ!"

ತಮಿಳು ಬೆರಳು

ಎಲ್ಲರ ತಪ್ಪೂ ಒಂದು ತೂಕವಾದರೆ ನನ್ನದೇ ಒಂದು ತೂಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಕೊಳಲನ್ನೇ ಬೈಯುತ್ತಿದ್ದೆ. ಡೈರಿ ಅಣ್ಣ, ತಾತ ಇಬ್ಬರಿಗೂ ಚಿಕ್ಕದು. ಮಿಸ್‌ಗೆ ಎಲ್ಲಕ್ಕಿಂತ ದೊಡ್ಡದು. ನಡುವಿನ ಆಲ್ಟೊ ನನ್ನ ಪಾಲಿಗೆ. ಕಾಗದದ ಮೇಲೆ ಬೊಟ್ಟು ಕಂಡ ಕೂಡಲೇ ಕೈಗೆ ಹಳೇ ಬೆರಳೇ ನೆನಪಾಗುವುದು. ಅವರದು ಒಂದು ದಾರಿ, ನನ್ನದು ಇನ್ನೊಂದು. ವಾರ್ಷಿಕೋತ್ಸವಕ್ಕೆ ಎರಡೇ ವಾರ ಇತ್ತು. ನನ್ನಿಂದಲೇ ರೂಮು ಹೋಗುತ್ತದೆ ಅಂತ ಒಂದು ಭಾನುವಾರ ಅತ್ತೇಬಿಟ್ಟೆ.

ಡೈರಿ ಅಣ್ಣ ಸಮಾಧಾನ ಮಾಡಿದ. "ಅಳಬೇಡ ಸುಮ್ಕಿರಕ್ಕಾ. ನೋಡು, ನಾನು ಮನೇಲಿ ತೆಲುಗು ಮಾತಾಡ್ತೀನಿ. ಡೈರಿಗೋದ್ರೆ ಕನ್ನಡ. ಕೆಜಿಎಫ್‌ನಲ್ಲಿ ಬಸ್ಸಿಳಿದ್ರೆ ತಮಿಳು. ನಾಲಿಗೆಗೆ ಯಾರಾದ್ರೂ ಯೋಳ್ಕೊಡ್ತಾರಾ, ಈಗ ಬದಲಾಯ್ಸು ಅಂತ? ಇಲ್ಲ. ಅದೇ ನೀರು, ಅದೇ ಅನ್ನ, ಕರೆಯೋ ಎಸ್ರು ಮಾತ್ರ ಬ್ಯಾರೆ. ಚಿಕ್ಕ ಕೊಳಲು ಕನ್ನಡ ಅನ್ಕೋ, ನಡುವಿಂದು ತಮಿಳು ಅನ್ಕೋ. ಕೈಗೆತ್ಕೊಳ್ಳೋಕೆ ಮುಂಚೆ ಅದ್ರ ಭಾಷೇಲಿ ಮೂರು ಎಣಿಸು."

ಮಿಸ್‌ಗೆ ಇದು ಬಹಳ ಹಿಡಿಸಿತು. ಎಲ್ಲರೂ ಎರಡೂ ಕೊಳಲಿನಲ್ಲಿ ಹೀಗೇ ಅಭ್ಯಾಸ ಮಾಡಿ ಅಂದರು. ಒಂದು, ಎರಡು, ಮೂರು ಅಂತ ಎಣಿಸಿ ಚಿಕ್ಕದು. ಒಣ್ಣು, ರೆಂಡು, ಮೂಣು ಅಂತ ಎಣಿಸಿ ನಡುವಿನದು. ಆಶ್ಚರ್ಯ ಅಂದರೆ, ಕೈ ಕೇಳಿತು! ತಮಿಳಿನಲ್ಲಿ ಎಣಿಸಿದರೆ ಬೆರಳು ತಾನಾಗಿ ಆಲ್ಟೊ ದಾರಿ ಹಿಡಿಯುತ್ತಿತ್ತು. ಮೂರು ದಿನದಲ್ಲಿ ನಾನು ಆ ರಾಗವನ್ನು ಒಂದೂ ತಪ್ಪಿಲ್ಲದೆ ಊದಿದೆ.

ಒಂದೇ ತೊಂದರೆ, ಅದು ಕೊಳಲಿಗೆ ನಿಲ್ಲಲಿಲ್ಲ. ಡೈರಿ ಅಣ್ಣ ಬೆಳಿಗ್ಗೆ ಅಭ್ಯಾಸ ಮಾಡಿ ನೇರ ಡೈರಿಗೆ ಹೋದವನು, ಕ್ಯಾನುಗಳನ್ನು ತಮಿಳಿನಲ್ಲಿ ಎಣಿಸಿ, ಹಾಲು ತಂದವರನ್ನು ತಮಿಳಿನಲ್ಲೇ ಗದರಿದನಂತೆ. ನಾಲ್ಕು ದಿನ ಹಾಗೇ ನಡೆಯಿತು. ಜನ ಬೈದರೇನೋ ಅಂತ ಕೇಳಿದೆ.

"ಯಾಕ್ ಬೈತಾರಕ್ಕಾ? ಯಾರೋ ಹೊರಗಿನ್ ಆಫೀಸರ್ ಬತ್ತಾವ್ನೆ, ಅದ್ಕೇ ಇವ್ನು ಅಂಗೆ ಮಾತಾಡ್ತಾವ್ನೆ ಅಂತ ಎದರ್ಕೊಂಡ್ಬುಟ್ರು. ನಾಲ್ಕು ದಿನದಿಂದ ಆಲಿಗೆ ಒಂದು ತೊಟ್ಟು ನೀರು ಬಿದ್ದಿಲ್ಲ!"

ಬೋಂಡ

ವಾರ್ಷಿಕೋತ್ಸವದ ಸಾಯಂಕಾಲ ಹಾಲು ತುಂಬಿತ್ತು. ಹೊಸ ಕುರ್ಚಿಗಳ ಮೇಲೆ ಪ್ಲಾಸ್ಟಿಕ್ ಕವರು ಹಾಗೇ ಇತ್ತು. ಹಿಂದಿನ ಬಾಗಿಲ ಹತ್ತಿರ ಅಡುಗೆ ಭಟ್ಟರು ಬೋಂಡ ಕರಿಯುತ್ತಿದ್ದರು, ಅದರ ವಾಸನೆ ಸ್ಟೇಜಿನವರೆಗೂ ಬರುತ್ತಿತ್ತು. ಜನರನ್ನು ಕುರ್ಚಿಯಿಂದ ಎಬ್ಬಿಸಲು ಅದಕ್ಕಿಂತ ಇನ್ನೇನು ಬೇಕು? ಭಾಷಣ ಆಯಿತು, ಬಹುಮಾನ ಆಯಿತು. ನಮ್ಮ ಸರದಿ ಬಂತು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

ಮಿಸ್‌ಗೆ ಅವತ್ತೇ ಗಂಟಲು ಕಟ್ಟಿತ್ತು. ಎಣಿಸುವ ಕೆಲಸ ನನಗೆ ವಹಿಸಿದರು. "ಜೋರಾಗಿ ಕನ್ನಡದಲ್ಲಿ ಎಣಿಸು, ಅವರಿಬ್ಬರಿಗೆ. ಮನಸ್ಸಿನಲ್ಲಿ ತಮಿಳಲ್ಲಿ ಎಣಿಸು, ನಿನಗೆ" ಅಂದರು. ಎಷ್ಟು ಸುಲಭ! ಹಾಲಿನ ತುಂಬಾ ಜನರನ್ನು ನೋಡಿದೆ. ಅಧ್ಯಕ್ಷರ ಕೈಕಟ್ಟು ನೋಡಿದೆ. ರೂಮು ನೆನಪಾಯಿತು. ಬಾಯಿ ತೆರೆದೆ.

"ಒಣ್ಣು, ರೆಂಡು, ಮೂಣು!" ಅಂತ ಕಿರುಚಿಬಿಟ್ಟೆ.

ಡೈರಿ ಅಣ್ಣನೂ ತಾತನೂ ಕಲಿತ ಪಾಠದ ಹಾಗೆ ಚಿಕ್ಕ ಕೊಳಲಿನ ಮೇಲೆ ತಮಿಳು ಬೆರಳು ಇಟ್ಟರು. ಅಯ್ಯೋ ತಪ್ಪಿತಲ್ಲ ಅಂತ ನಾನು ಗಾಬರಿಯಲ್ಲಿ ಮನಸ್ಸಿನೊಳಗೆ ಒಂದು, ಎರಡು, ಮೂರು ಅಂದುಕೊಂಡೆ. ನನ್ನ ಕೈ ಆಲ್ಟೊ ಮೇಲೆ ಕನ್ನಡ ಬೆರಳು ಇಟ್ಟಿತು. ಮೂವರೂ ತಪ್ಪು. ಮಿಸ್ ಒಬ್ಬರೇ ಸರಿ, ಅದೂ ಅಡಿಯಲ್ಲೆಲ್ಲೋ ಗೊರಗೊರ ಅನ್ನುತ್ತಿತ್ತು. ಆ ಸದ್ದನ್ನು ಹೇಗೆ ವರ್ಣಿಸಲಿ? ನಾಲ್ಕು ಬಸ್ಸು ಒಂದೇ ಕಿರುದಾರಿಗೆ ನುಗ್ಗಿ ಹಾರ್ನ್ ಹೊಡೆದ ಹಾಗಿತ್ತು. ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಯವರೆಗೂ ಊದಿ, ತಲೆ ತಗ್ಗಿಸಿ ಕೂತೆವು.

ಒಂದು ಕುರ್ಚಿಯೂ ಅಲ್ಲಾಡಲಿಲ್ಲ. ನಾನು ಮೆಲ್ಲಗೆ ಕಣ್ಣೆತ್ತಿದೆ. ಎಲ್ಲರೂ ತಾಳ್ಮೆಯಿಂದ ನಮ್ಮನ್ನೇ ನೋಡುತ್ತಿದ್ದಾರೆ. ಎರಡನೇ ಸಾಲಿನ ಒಬ್ಬ ಅಜ್ಜಿ ಕೇಳಿದಳು: "ಶ್ರುತಿ ಸರಿ ಆಯ್ತೇನಮ್ಮಾ? ಇನ್ನು ಶುರು ಮಾಡಿ ಮತ್ತೆ."

ನಾದಸ್ವರದವರು ಶುರುಮಾಡುವ ಮುಂಚೆ ಶ್ರುತಿ ನೋಡಿಕೊಳ್ಳುವುದನ್ನು ಕಂಡ ಜನ ಅದು. ನಮ್ಮದೂ ಹಾಗೇ ಅಂದುಕೊಂಡಿದ್ದರು. ಮಿಸ್ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. "ಆಯ್ತಮ್ಮಾ, ಈಗ ಶುರು" ಅಂತ ಒಡೆದ ಗಂಟಲಲ್ಲಿ ಹೇಳಿ, ಈ ಸಲ ಎಣಿಸಬೇಡ ಅಂತ ನನಗೆ ಸನ್ನೆ ಮಾಡಿ, ತಾವೇ ತಲೆಯಾಡಿಸಿ ಶುರು ಕೊಟ್ಟರು.

ಈ ಸಲ ಬಂತು! ನಾಲ್ಕು ಕೊಳಲೂ ಒಂದರೊಳಗೊಂದು ಕೂತು, ನಿಧಾನವಾಗಿ, ಗಂಭೀರವಾಗಿ ರಾಗ ಎದ್ದಿತು. ಮೂರನೇ ಸಾಲಿನಲ್ಲಿ ತಾತ ಕೆಳಗಿಳಿದರು. ನನ್ನ ಮೈ ಜುಮ್ಮೆಂದಿತು. ಇಷ್ಟು ಚೆನ್ನಾಗಿರುವುದನ್ನು ನಾನು ಮಾಡುತ್ತಿದ್ದೇನೆ ಅಂತ ನನಗೇ ನಂಬಿಕೆ ಬರಲಿಲ್ಲ.

ಆಗಲೇ ಮುಂದಿನ ಸಾಲಿನ ಮುದುಕರೊಬ್ಬರು ಎದ್ದರು. ಅವರ ಹಿಂದೆ ಇನ್ನಿಬ್ಬರು. ಆಮೇಲೆ ಸಾಲು ಸಾಲೇ ಎದ್ದಿತು. ಅಧ್ಯಕ್ಷರೂ ಎದ್ದರು. ಮುಗಿಯಿತು, ರೂಮು ಹೋಯಿತು. ನನ್ನ ಕಣ್ಣಲ್ಲಿ ನೀರು ತುಂಬಿ ಕಾಗದದ ಬೊಟ್ಟುಗಳೆಲ್ಲ ಈಜತೊಡಗಿದವು. ಹೇಗೂ ಕೊನೆಯ ಸಲ, ಚೆನ್ನಾಗಿಯಾದರೂ ಮುಗಿಸೋಣ ಅಂತ ಊದುತ್ತಾ ಹೋದೆ. ಆದರೆ ಎದ್ದವರು ಯಾರೂ ಹೋಗಲಿಲ್ಲ. ಕೈ ಪಕ್ಕಕ್ಕೆ ಇಳಿಬಿಟ್ಟು, ಎದೆ ಸೆಟೆಸಿ, ನೇರ ನೋಡುತ್ತಾ ನಿಂತುಬಿಟ್ಟಿದ್ದರು. ತಾತ ತಪ್ಪು ಮಾಡದ್ದರಿಂದ ಅವರ ಲೈನಿನವರಿಗೂ ರಾಗದ ಗುರುತು ಸಿಗಲಿಲ್ಲ. ಕಾರ್ಯಕ್ರಮದ ಕೊನೆ, ನಿಧಾನದ ರಾಗ, ಇನ್ನೇನು ಇರುತ್ತದೆ? ಇಂಗ್ಲಿಷ್ ಪೀಪಿಯಲ್ಲಿ ರಾಷ್ಟ್ರಗೀತೆ ಹೀಗೇ ಇರಬೇಕು ಅಂತ ತಿಳಿದು ಇಡೀ ಹಾಲು ಅಟೆನ್ಷನ್‌ನಲ್ಲಿ ನಿಂತಿತ್ತು! ನಾವು ಮುಗಿಸಿದ ಕೂಡಲೇ ಒಬ್ಬರು "ಜೈ ಹಿಂದ್" ಅಂದರು, ಎಲ್ಲರೂ ಬೋಂಡದ ಕಡೆ ಓಡಿದರು.

ಇದನ್ನು ಕೂತದ್ದು ಅನ್ನಬೇಕೋ ಎದ್ದದ್ದು ಅನ್ನಬೇಕೋ? ಕೇಳೋಣ ಅಂತ ನಾನೂ ಮಿಸ್ಸೂ ಅಧ್ಯಕ್ಷರನ್ನು ಹುಡುಕಿಕೊಂಡು ಹಿಂದಕ್ಕೆ ಹೋದೆವು. ಅವರು ಎಲ್ಲರಿಗಿಂತ ಮುಂಚೆ ಬಾಣಲೆ ಹತ್ತಿರ ಸೇರಿದ್ದರು. ಎಣ್ಣೆಯಿಂದ ಆಗ ತಾನೇ ಎತ್ತಿದ ಒಂದು ಇಡೀ ಬೋಂಡವನ್ನು ಬಾಯಿಗೆ ಹಾಕಿಕೊಂಡರು. ಅದೇ ಕ್ಷಣಕ್ಕೆ ಸ್ಟೇಜಿನಲ್ಲಿ ಮಕ್ಕಳು ಮೈಕು ಹಿಡಿದು ನಿಜವಾದ ರಾಷ್ಟ್ರಗೀತೆ ಶುರುಮಾಡಿದರು. ಪಟ್ಟಿಯಲ್ಲಿ ಅವರದೇ ಕೊನೆಯ ಐಟಂ, ಪಾಪ, ಅವರೇಕೆ ಬಿಡುತ್ತಾರೆ?

ಎಲ್ಲರೂ ನಿಂತಲ್ಲೇ ನೆಟ್ಟಗಾದರು. ಅಧ್ಯಕ್ಷರೂ ಆದರು. ಅಗಿಯುವ ಹಾಗಿಲ್ಲ, ಉಗಿಯುವ ಹಾಗಿಲ್ಲ, ನುಂಗಲು ಆಗುವುದಿಲ್ಲ. ಮುಖ ಮೊದಲು ಕೆಂಪಾಯಿತು, ಆಮೇಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಎರಡೂ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಆದರೂ ಆ ಮನುಷ್ಯ ಕೊನೆಯ ಸಾಲಿನವರೆಗೂ ಒಂದಿಂಚು ಅಲುಗಲಿಲ್ಲ, ಅದಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಗೀತೆ ಮುಗಿಯಿತು. ಬೋಂಡ ಬಾಯಿಗೆ ಬಿದ್ದದ್ದನ್ನು ಮಿಸ್ ನೋಡಿರಲಿಲ್ಲ, ಕಣ್ಣೀರು ಮಾತ್ರ ನೋಡಿದ್ದರು. ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. "ನಮ್ಮ ಸಂಗೀತ ನಿಮಗೆ ಇಷ್ಟು ತಟ್ಟಿತಾ ಸಾರ್!"

ಸುತ್ತ ಜನ ಸೇರಿದರು. ಅಧ್ಯಕ್ಷರ ಹೆಂಡತಿ ಬೆರಗಾಗಿ, "ನಮ್ಮ ಮಗಳ ಮದುವೆಯಲ್ಲೂ ಈ ಮನುಷ್ಯ ಒಂದು ಹನಿ ಹಾಕಿಲ್ಲಮ್ಮಾ" ಅಂದು ತಾವೂ ಕಣ್ಣು ಒರೆಸಿಕೊಂಡರು.

"ಹಾಗಾದ್ರೆ ರೂಮು ನಮಗೇ ಅಲ್ವಾ ಸಾರ್?" ಅಂದರು ಮಿಸ್.

ಅಧ್ಯಕ್ಷರು ಏನೋ ಹೇಳಲು ಬಾಯಿ ತೆರೆದರು. ಹಬೆ ಬಂತು, ಮಾತು ಬರಲಿಲ್ಲ. ಬಾಯಿ ಮುಚ್ಚಿಕೊಂಡು, ನೀರು ಕೊಡಿ ಅಂತಲೋ ಏನೋ, ಜೋರಾಗಿ ತಲೆಯಾಡಿಸಿದರು. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ನಾನು ತಾತನನ್ನು ತಬ್ಬಿಕೊಂಡು ಅತ್ತೆ.

ಅವರ ನಾಲಿಗೆ ಮಾತಿಗೆ ಬರಲು ನಾಲ್ಕು ದಿನ ಬೇಕಾಯಿತಂತೆ. ಅಷ್ಟರೊಳಗೆ ಮಿಸ್ ರೂಮಿನ ಬೀಗ ಬದಲಾಯಿಸಿದ್ದರು.